ಮೀನಿಗೆಂದು ಕಟ್ಟಿದ ಕೆರೆ, ಹಕ್ಕಿಗೂ ಆಸರೆ

ಝೆಕ್ ಗಣರಾಜ್ಯದ ದಕ್ಷಿಣ ಭಾಗದಲ್ಲಿರುವ ತ್ರೆಬೋನ್ ಪಟ್ಟಣದ ಸುತ್ತ ಎತ್ತ ನೋಡಿದರೂ ಕೆರೆಗಳೇ. ಏರಿಗಳ ಮೇಲೆ ಮುದಿ ಓಕ್ ಮರಗಳು, ಅಂಚಿನಲ್ಲಿ ಜೊಂಡು, ನೀರಿನ ಮೇಲೆ ಕಾಡುಬಾತುಗಳು. ಇದೆಲ್ಲ ಪ್ರಕೃತಿಯ ಕೊಡುಗೆ ಎಂದೇ ಹೊಸಬರು ಭಾವಿಸಿಯಾರು. ವಾಸ್ತವವಾಗಿ ಇವು ಮನುಷ್ಯರು ಕಟ್ಟಿದ ಕೆರೆಗಳು. ಝೆಕ್ ಭಾಷೆಯಲ್ಲಿ ಇಂಥ ಕೆರೆಗೆ ‘ರಿಬ್ನೀಕ್’ ಎಂದು ಹೆಸರು. ‘ರಿಬಾ’ ಎಂದರೆ ಮೀನು. ನಮ್ಮ ಕೆರೆಗಳು ಮುಖ್ಯವಾಗಿ ಬೇಸಾಯಕ್ಕಾಗಿ ಹುಟ್ಟಿದರೆ, ಅಲ್ಲಿಯವು ಹುಟ್ಟಿದ್ದು ಮೀನಿಗಾಗಿ.

ಕಾರಣ ಸರಳ. ಕ್ರೈಸ್ತರ ಉಪವಾಸದ ದಿನಗಳಲ್ಲಿ ಮಾಂಸ ನಿಷಿದ್ಧವಾಗಿದ್ದರೂ ಮೀನಿಗೆ ಅಡ್ಡಿಯಿರಲಿಲ್ಲ. ಸಮುದ್ರ ಬಲು ದೂರ. ಹೀಗಾಗಿ ಬೆಳೆ ಬಾರದ ಜೌಗುನೆಲದಲ್ಲಿ ನೀರು ನಿಲ್ಲಿಸಿ ಗೆಂಡೆಮೀನು ಸಾಕುವುದು ಲಾಭದ ಕಸುಬಾಯಿತು. ರೋಝಂಬೆರ್ಕ್ ಮನೆತನದ ಪಾಳೆಯಗಾರರು ಇದಕ್ಕೆ ಹಣ ಸುರಿದರು. ಅವರ ಬಳಿ ಮೀನುಗೆರೆಗಳ ಉಸ್ತುವಾರಿ ನೋಡುತ್ತಿದ್ದ ಷ್ಟೆಪಾನೆಕ್ ನೆತೊಲಿತ್ಸ್ಕಿ 1520ರ ಹೊತ್ತಿಗೆ ‘ಚಿನ್ನದ ಕಾಲುವೆ’ಯನ್ನು ಮುಗಿಸಿದ. 45 ಕಿ.ಮೀ.ಗೂ ಉದ್ದದ ಈ ಕಾಲುವೆ ಲುಜ್ನಿತ್ಸೆ ನದಿಯ ನೀರನ್ನು ಕೆರೆಯಿಂದ ಕೆರೆಗೆ ಇಂದಿಗೂ ಹಂಚುತ್ತಿದೆ.

ಅವನ ನಂತರ ಬಂದವನು ಯಾಕುಬ್ ಕರ್ಚೀನ್. ಪಟ್ಟಣದ ಮಗ್ಗುಲಲ್ಲೇ ಕೆರೆ ಕಟ್ಟಲು ಆತ 1571ರಲ್ಲಿ ಒಂದು ಕೇರಿಯನ್ನೇ ಕೆಡವಿಸಿದ. ಏರಿ ಒಡೆದರೆ ಊರೇ ಕೊಚ್ಚಿಹೋದೀತೆಂದು ಜನ ಪ್ರತಿಭಟಿಸಿದರು. ಆ ಕೆರೆಗೆ ಮೊದಲು ಬಿದ್ದ ಹೆಸರು ‘ನೆವ್‌ದ್ಯೆಕ್’; ಕೃತಘ್ನತೆ ಎಂದು ಅದರ ಅರ್ಥ. ‘ಸ್ವ್ಯೆತ್’, ಅಂದರೆ ‘ಜಗತ್ತು’ ಎಂಬ ಈಗಿನ ಹೆಸರು ನಂತರದ್ದು. ಕರ್ಚೀನ್ ತನ್ನ ಆತ್ಮವನ್ನು ಸೈತಾನನಿಗೆ ಮಾರಿಕೊಂಡಿದ್ದನೆಂಬ ಕಥೆಯೂ ಜನರ ಬಾಯಲ್ಲಿ ಉಳಿದಿದೆ.

ಅವನ ದೊಡ್ಡ ಸಾಹಸ 1584ರಿಂದ 1590ರವರೆಗೆ ಕಟ್ಟಿಸಿದ ರೋಝಂಬೆರ್ಕ್ ಕೆರೆ. ಏರಿಯ ಉದ್ದ ಸುಮಾರು 2.4 ಕಿ.ಮೀ.; ನೀರಿನ ಹರವು ಸುಮಾರು 490 ಹೆಕ್ಟೇರ್. ಪ್ರವಾಹದ ಹೊಡೆತ ನೇರವಾಗಿ ಏರಿಗೆ ತಾಗದಿರಲೆಂದು ‘ಹೊಸ ನದಿ’ ಎಂಬ ಸುಮಾರು 13 ಕಿ.ಮೀ. ಉದ್ದದ ನಾಲೆ ತೋಡಿಸಿ, ಹೆಚ್ಚಿನ ನೀರನ್ನು ನೆಜಾರ್ಕ ನದಿಗೆ ತಿರುಗಿಸಿದ. ಆ ಮುಂದಾಲೋಚನೆಯ ಬೆಲೆ 2002ರ ಆಗಸ್ಟ್‌ನಲ್ಲಿ ತಿಳಿಯಿತು. ಸಾಮಾನ್ಯವಾಗಿ ಸುಮಾರು 60 ಲಕ್ಷ ಘನ ಮೀಟರ್ ನೀರಿರುವ ಕೆರೆ ಆ ಮಹಾಪೂರದಲ್ಲಿ ಸುಮಾರು 7 ಕೋಟಿ ಘನ ಮೀಟರ್ ನೀರನ್ನು ತಡೆದು ನಿಲ್ಲಿಸಿತು. ನಾಲ್ಕು ಶತಮಾನ ಕಂಡ ಏರಿ ಒಡೆಯಲಿಲ್ಲ.

ಈ ನಡುವೆ ಮೀನಿನ ಕೆರೆಗಳಿಗೆ ಕರೆಯದ ಅತಿಥಿಗಳೂ ಬಂದು ನೆಲೆಸಿದ್ದರು. ಕಾಡುಬಾತು, ಬಕ, ನೀರುನಾಯಿ, ಬಿಳಿಬಾಲದ ಕಡಲಹದ್ದುಗಳಿಗೆ ಈ ಪ್ರದೇಶ ಆಶ್ರಯವಾಯಿತು. ಯುನೆಸ್ಕೊ 1977ರಲ್ಲಿ ಇದನ್ನು ಜೀವಗೋಳ ಮೀಸಲು ಎಂದು ಮಾನ್ಯ ಮಾಡಿತು. 1979ರಲ್ಲಿ ಸುಮಾರು 700 ಚದರ ಕಿ.ಮೀ. ಪ್ರದೇಶಕ್ಕೆ ಸರ್ಕಾರಿ ರಕ್ಷಣೆ ದೊರೆಯಿತು. 1990ರಲ್ಲಿ ಇಲ್ಲಿನ ಕೆರೆಗಳು ರಾಮ್ಸಾರ್ ಪಟ್ಟಿ ಸೇರಿದವು.

ಹಾಗೆಂದು ಮೀನುಗಾರಿಕೆ ನಿಂತಿಲ್ಲ. ಶರತ್ಕಾಲದಲ್ಲಿ ತೂಬು ತೆರೆದು ನೀರಿಳಿಸಿ, ಬಲೆ ಎಳೆಯುವ ಪದ್ಧತಿ ಮುಂದುವರಿದಿದೆ. ಕ್ರಿಸ್‌ಮಸ್ ಊಟಕ್ಕೆ ಗೆಂಡೆಮೀನು ಬೇಕೇ ಬೇಕು. ತೊಡಕಿರುವುದೂ ಇಲ್ಲಿಯೇ. ಇಪ್ಪತ್ತನೇ ಶತಮಾನದ ಉತ್ತರಾರ್ಧದಲ್ಲಿ ಇಳುವರಿಗಾಗಿ ಗೊಬ್ಬರ, ಮೇವು ಹಾಕಿ ಹೆಚ್ಚು ಹೆಚ್ಚು ಮೀನು ಸಾಕಲಾಯಿತು. ಗೆಂಡೆಗಳು ತಳದ ಕೆಸರು ಕದಡುತ್ತವೆ. ಪಾಚಿ ತಿನ್ನುವ ಸಣ್ಣ ಜಲಜೀವಿಗಳನ್ನು ತಾವೇ ತಿಂದು ಮುಗಿಸುತ್ತವೆ. ಆಗ ನೀರು ಹಸಿರುಗಟ್ಟುತ್ತದೆ, ನೀರೊಳಗಿನ ಗಿಡಗಳು ಸಾಯುತ್ತವೆ, ಬಾತುಮರಿಗಳಿಗೆ ಆಹಾರ ಸಿಗದು.

ಹಾಗಾದರೆ ಮೀನುಗಾರರನ್ನೇ ಹೊರಗಿಟ್ಟರೆ ಆದೀತೆ? ಅದೂ ಆಗದು. ತೂಬು ನೋಡುವವರಿಲ್ಲದೆ ಏರಿ ಶಿಥಿಲವಾದರೆ, ಹೂಳು ಜೊಂಡು ಬೆಳೆದು ಕೆರೆ ಕ್ರಮೇಣ ಜೌಗಾಗುತ್ತದೆ. ಮನುಷ್ಯರು ಕಟ್ಟಿದ ಈ ನಿಸರ್ಗ ಮನುಷ್ಯರ ಆರೈಕೆಯಿಂದಲೇ ಉಳಿಯಬೇಕು. ಒಂದು ಕೆರೆಗೆ ಎಷ್ಟು ಮೀನು ಬಿಡಬೇಕು ಎಂಬ ಲೆಕ್ಕದಲ್ಲೇ ಹಕ್ಕಿಗಳ ಪಾಲೂ ಅಡಗಿದೆ.