ಗಡಿಯ ಮೇಲಿನ ಕೆರೆ, ಹತ್ತೊಂಬತ್ತನೇ ಗೇಟು

2024ರ ಆಗಸ್ಟ್ 10, ಶನಿವಾರ ರಾತ್ರಿ. ಮಲಗೋ ಹೊತ್ತಲ್ಲಿ ಹೊಸಪೇಟೆಯಿಂದ ನಮ್ಮ ವರದಿಗಾರನ ಫೋನು. "ಸಾರ್, ಟಿಬಿ ಡ್ಯಾಂ ಗೇಟ್ ಹೋಯ್ತು." ಹೋಯ್ತು ಅಂದ್ರೆ ಏನಯ್ಯಾ ಅಂದೆ. "ಕೊಚ್ಕೊಂಡೇ ಹೋಯ್ತು ಸಾರ್. ಹತ್ತೊಂಬತ್ತನೇದು. ಚೈನ್ ತುಂಡಾಗಿದೆ."

ಮಾರನೇ ದಿನ ನಾನು ಸ್ಟುಡಿಯೋದಲ್ಲಿ ಕೂತಾಗ ಹಿಂದಿನ ಪರದೆ ಮೇಲೆ ಕೆಂಪು ಅಕ್ಷರಗಳು ಕುಣೀತಿದ್ವು. ನಾನೂ ಆ ಕುಣಿತಕ್ಕೆ ತಕ್ಕಂತೆ ದನಿ ಏರಿಸಿದೆ. ಆಗ ಕಂಪ್ಲಿ ಕಡೆಯ ವೀಕ್ಷಕರೊಬ್ಬರು ಲೈನಿಗೆ ಬಂದರು. "ಸಾರ್, ಡ್ಯಾಂ ಒಡದೈತೋ, ಗೇಟು ಮುರದೈತೋ, ಯಾವ್ದಾದ್ರೂ ಒಂದು ಸರಿಯಾಗಿ ಹೇಳ್ರಿ. ಮನ್ಯಾಗ ವಯಸ್ಸಾದೋರು ಅದಾರ. ನಾವು ಊರು ಬಿಡಬೇಕೇನು?" ನಿಜ ಹೇಳ್ತೀನಿ, ಆ ಎರಡರ ನಡುವಿನ ವ್ಯತ್ಯಾಸ ನನಗೆ ಆವತ್ತು ಸರಿಯಾಗಿ ಗೊತ್ತಿರಲಿಲ್ಲ. ಅವರ ಲೈನ್ ಕಟ್ ಮಾಡಿ ಬ್ರೇಕ್ ತಗೊಂಡೆ. ಅವರಿಗೆ ಕೊಡಬೇಕಾಗಿದ್ದ ಉತ್ತರವನ್ನ ತಡವಾಗಿ ಇಲ್ಲಿ ಕೊಡ್ತಿದ್ದೀನಿ.

ಗೋಡೆಗೆ ಏನೂ ಆಗಿರಲಿಲ್ಲ. ಸುರ್ಕಿ ಗಾರೆ ಹಾಕಿ ಕಟ್ಟಿದ ಕಲ್ಲಿನ ಗೋಡೆ ಅದು, ಗಟ್ಟಿಯಾಗೇ ನಿಂತಿತ್ತು. ಆದರೆ ಅಣೆಕಟ್ಟು ಅಂದ್ರೆ ಬರೀ ಗೋಡೆ ಅಲ್ಲ. ಗೋಡೆಯ ನೆತ್ತಿ ಮೇಲೆ ಸಾಲಾಗಿ 33 ಕಬ್ಬಿಣದ ಬಾಗಿಲುಗಳಿವೆ. ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಜಲಾಶಯದ ಪೂರ್ಣ ಮಟ್ಟ 1633 ಅಡಿ, ಅದರಲ್ಲಿ ಮೇಲಿನ 20 ಅಡಿ ನೀರನ್ನ ಹಿಡಿದಿರೋದು ಈ ಬಾಗಿಲುಗಳೇ. ಅವುಗಳನ್ನ ಎತ್ತೋದು, ಇಳಿಸೋದು ಚೈನು. ಆ ಚೈನಿನ ಕೊಂಡಿ ತುಂಡಾಯ್ತು, ಬಾಗಿಲು ಹೊಳೆಪಾಲಾಯ್ತು. ಉಳಿದ ಗೇಟುಗಳ ಮೇಲಿನ ಒತ್ತಡ ಇಳಿಸೋಕೆ ಅವನ್ನೂ ತೆರೆದು ನದಿಗೆ ನೀರು ಬಿಡಬೇಕಾಯ್ತು. ತುಂಬಿದ್ದ ಡ್ಯಾಂನಿಂದ ರೈತರ ಬೆಳೆ ಹರಿದು ಹೋಗ್ತಿತ್ತು ಅಂತಲೇ ಹೇಳಿ.

ಮುಚ್ಚೋದು ಹೇಗೆ? ಸುಲಭದ ದಾರಿ, ನೀರನ್ನ 1613 ಅಡಿಗೆ ಇಳಿಸಿ ಒಣಗಿದ ಜಾಗದಲ್ಲಿ ಹೊಸ ಗೇಟ್ ಕೂರಿಸೋದು. ಅಂದ್ರೆ ಹತ್ತಿರ ಹತ್ತಿರ 60 ಟಿಎಂಸಿ ನೀರು ಖಾಲಿ. ಆಗ ಬಂದವರು ನಿವೃತ್ತ ಎಂಜಿನಿಯರ್ ಕನ್ನಯ್ಯ ನಾಯ್ಡು. ಗೇಟುಗಳ ಕೆಲಸದಲ್ಲೇ ಬದುಕು ಸವೆಸಿದ ಹಿರಿಯರು. ಹರಿಯೋ ನೀರಲ್ಲೇ ತಾತ್ಕಾಲಿಕ ಬಾಗಿಲು ಇಳಿಸೋಣ ಅಂದರು. ಸ್ಟಾಪ್‌ಲಾಗ್ ಅಂತಾರೆ ಅದಕ್ಕೆ. ಅಂಗಡಿಯ ಮುಂದೆ ಹಲಗೆ ಮೇಲೆ ಹಲಗೆ ಜೋಡಿಸಿ ಮುಚ್ತಾರಲ್ಲ, ಹಾಗೆ. ಸ್ಥಳದಲ್ಲಿ ಸಿದ್ಧ ಸ್ಟಾಪ್‌ಲಾಗ್ ಇರಲಿಲ್ಲ, ಅಳತೆ ತೆಗೆದು ಮಾಡಿಸಬೇಕಾಯ್ತು. ಆಗಸ್ಟ್ 16ಕ್ಕೆ ಮೊದಲ ತುಂಡು ಕೂತಿತು. ಮರುದಿನದ ಹೊತ್ತಿಗೆ ನೀರು ನಿಂತಿತು. ಜಲಾಶಯದಲ್ಲಿ ಸುಮಾರು 70 ಟಿಎಂಸಿ ಉಳೀತು. ನೀರಿನ ರಭಸದ ಮೇಲೆ ನಿಂತು ಆ ಕಬ್ಬಿಣ ಇಳಿಸಿದ ಕೆಲಸಗಾರರನ್ನ ನಮ್ಮ ಕ್ಯಾಮೆರಾ ತೋರಿಸಿದ್ದು ಕೆಲವೇ ನಿಮಿಷ. ಮಿಕ್ಕ ಹೊತ್ತೆಲ್ಲ ನಾವು ಜಗಳ ತೋರಿಸ್ತಿದ್ವಿ.

ಯಾವ ಜಗಳ? ಇದು ಯಾರ ತಪ್ಪು ಅನ್ನೋದು. ವಿರೋಧ ಪಕ್ಷದವರು ರಾಜ್ಯ ಸರ್ಕಾರ ಅಂದರು. ಸರ್ಕಾರದ ಕಡೆಯವರು ಇದು ತುಂಗಭದ್ರಾ ಮಂಡಳಿಯದು, ಅದು ಕೇಂದ್ರಕ್ಕೆ ಸೇರಿದ್ದು ಅಂದರು. ನನ್ನ ಚರ್ಚೆಯಲ್ಲಿ ನಾಲ್ಕು ಜನ ಕೂತು ಒಂದು ಚೈನನ್ನ ಒಬ್ಬರ ಕೊರಳಿಂದ ಇನ್ನೊಬ್ಬರ ಕೊರಳಿಗೆ ಹಾಕ್ತಾ ಇದ್ದರು.

ಆಮೇಲೆ ಈ ಡ್ಯಾಂನ ಕತೆ ಓದ್ತಾ ಹೋದಾಗ ಗೊತ್ತಾಯ್ತು, ಆ ಜಗಳಕ್ಕೆ ಡ್ಯಾಂನಷ್ಟೇ ವಯಸ್ಸು.

ನೋಡಿ, 1860ರ ಹೊತ್ತಿಗೇ ಆರ್ಥರ್ ಕಾಟನ್ ಈ ನದಿಗೆ ದೊಡ್ಡ ಕಟ್ಟೆ ಹಾಕಬೇಕು ಅಂದಿದ್ದ. 1876ರಿಂದ 78ರ ಬರದಲ್ಲಿ ಬಳ್ಳಾರಿ ಸೀಮೆಯ ಜನ ಹಸಿವಿನಿಂದ ಸತ್ತರು. ಅಷ್ಟಾದರೂ ಡ್ಯಾಂ ಬರಲಿಲ್ಲ. ಕಾರಣ? ಬಲದಂಡೆ ಮದರಾಸಿನದು, ಎಡದಂಡೆ ಹೈದರಾಬಾದ್ ನಿಜಾಮರದು, ಮೇಲ್ಭಾಗ ಮೈಸೂರಿನದು. ಪತ್ರವ್ಯವಹಾರದಲ್ಲೇ ತಲೆಮಾರುಗಳು ಕಳೆದವು. ಮದರಾಸು, ಹೈದರಾಬಾದ್ ಒಪ್ಪಂದಕ್ಕೆ ಬಂದದ್ದು 1944ರಲ್ಲಿ. ಮರುವರ್ಷ ಫೆಬ್ರವರಿ 28ಕ್ಕೆ ಶಂಕುಸ್ಥಾಪನೆ. ಅದೂ ಒಂದಲ್ಲ ಸ್ವಾಮಿ, ಎರಡು! ಎಡದಂಡೆಯಲ್ಲಿ ನಿಜಾಮರ ಮಗ ಬೇರಾರ್ ರಾಜಕುಮಾರ, ಬಲದಂಡೆಯಲ್ಲಿ ಮದರಾಸು ಗವರ್ನರ್ ಆರ್ಥರ್ ಹೋಪ್. ಒಂದೇ ಗೋಡೆ, ಎರಡು ಸರ್ಕಾರಗಳ ಎಂಜಿನಿಯರುಗಳು. ಮದರಾಸಿನ ತಿರುಮಲೆ ಅಯ್ಯಂಗಾರ್ ಅವರ ಹೆಸರು ಆ ಕಡೆ ಇಂದಿಗೂ ಕೇಳಿಬರುತ್ತೆ. ಸುಮಾರು 90 ಹಳ್ಳಿ ಮುಳುಗಿದವು, 50 ಸಾವಿರಕ್ಕೂ ಹೆಚ್ಚು ಜನ ಮನೆ ಬಿಟ್ಟರು. ನಾರಾಯಣದೇವರಕೆರೆ ಅನ್ನೋ ಊರಿಗೆ ಊರೇ ನೀರೊಳಗೆ ಹೋಯ್ತು. ಅವರಿಗೆ ಯಾರೂ ಎರಡೆರಡು ಶಂಕುಸ್ಥಾಪನೆ ಮಾಡಲಿಲ್ಲ.

ಇಲ್ಲಿ ಒಂದು ಹಳೇ ಶಾಸನದ ವಿಷಯ ಹೇಳಲೇಬೇಕು. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ, ಕಡಪ ಸೀಮೆಯ ಪೊರುಮಾಮಿಳ್ಳದಲ್ಲಿ ಕೆರೆ ಕಟ್ಟಿಸಿದ. 1369ರ ಅದರ ಶಾಸನದಲ್ಲಿ ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳು, ಕೆರೆಗೆ ಬರೋ 6 ದೋಷಗಳ ಪಟ್ಟಿ ಇದೆ. ಏರಿ ಜಿನುಗೋದು ದೋಷ, ಸವುಳು ನೆಲ ದೋಷ, ನೀರು ಕಮ್ಮಿ ಗದ್ದೆ ಜಾಸ್ತಿ ಆದ್ರೂ ದೋಷ. ಇದೆಲ್ಲ ಯಾವ ಎಂಜಿನಿಯರ್ರೂ ಹೇಳ್ತಾನೆ. ಆದರೆ ಇನ್ನೊಂದು ದೋಷ ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ: ಎರಡು ರಾಜ್ಯಗಳ ಗಡಿಯಲ್ಲಿರುವ ಕೆರೆ. ನೀರು ಸೋರೋದನ್ನೂ ಒಡೆತನ ಸೋರೋದನ್ನೂ ಆ ಜನ ಒಂದೇ ಪಟ್ಟಿಯಲ್ಲಿ ಬರೆದಿದ್ದರು.

ನಮ್ಮ ಡ್ಯಾಂ ಹುಟ್ಟಿದ್ದೇ ಆ ದೋಷದಲ್ಲಿ. ಹಾಗಂತ ಕಟ್ಟಬಾರದಿತ್ತು ಅಂತಲ್ಲ. ಕಟ್ಟದೇ ಇದ್ದಿದ್ರೆ ಗಂಗಾವತಿ, ಸಿಂಧನೂರಿನ ಭತ್ತ ಎಲ್ಲಿಂದ ಬರ್ತಿತ್ತು? 1953ರಲ್ಲಿ ಡ್ಯಾಂ ಮುಗೀತು, ಆಂಧ್ರ ರಾಜ್ಯ ಬಂತು, ಬಳ್ಳಾರಿ ಮೈಸೂರಿಗೆ ಸೇರಿತು, ಉಸ್ತುವಾರಿಗೆ ಮಂಡಳಿ ಆಯ್ತು. 1956ಕ್ಕೆ ಎಡದಂಡೆಯೂ ನಮ್ಮದಾಯ್ತು. ನೆಲ ಪೂರಾ ಕರ್ನಾಟಕದ್ದು, ನೀರು ಇವತ್ತು ಮೂರು ರಾಜ್ಯಗಳದ್ದು. ನೀರಿನ ಪಾಲು ಬಂದಾಗ ಒಂದೊಂದು ಟಿಎಂಸಿಗೂ ಲೆಕ್ಕ ಇದೆ, ವಕೀಲರಿದ್ದಾರೆ. ಚೈನಿನ ವಯಸ್ಸು ಎಷ್ಟಾಯ್ತು ಅಂತ ಯಾವ ರಾಜ್ಯದ ವಕೀಲರೂ ಕೇಳಿದ್ದನ್ನ ನಾನಂತೂ ಕಂಡಿಲ್ಲ. ಹೂಳು ತುಂಬಿ 133 ಟಿಎಂಸಿ 105.788ಕ್ಕೆ ಇಳಿದಾಗ ಭಾಷಣ ಆಯ್ತು. ಯಾಕಂದ್ರೆ ಅದು ಪಾಲಿನ ಮಾತು.

ತಜ್ಞರು ಹೇಳೋ ಪ್ರಕಾರ ಇಂಥ ಗೇಟಿನ ಆಯಸ್ಸು ಸುಮಾರು 45 ವರ್ಷ. ಇವಕ್ಕೆ 70 ದಾಟಿತ್ತು. ಈಗ ಅಣೆಕಟ್ಟು ಎಂಜಿನಿಯರಿಂಗ್ ಅಂದ್ರೆ ಹೊಸದು ಕಟ್ಟೋದಕ್ಕಿಂತ ಹಳೇದರ ನಾಡಿ ಹಿಡಿಯೋದು. ಕಬ್ಬಿಣದ ಹಲಗೆಯನ್ನ ಕತ್ತರಿಸದೇ ಶಬ್ದದ ಅಲೆ ಹಾಯಿಸಿ ಎಷ್ಟು ಸವೆದಿದೆ ಅಂತ ಅಳೀತಾರೆ, ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡೋ ಹಾಗೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ, ಮಳೆಗಾಲಕ್ಕೆ ಮೊದಲು ಮತ್ತು ನಂತರ ತಪಾಸಣೆ ಮಾಡಿ, ತುರ್ತು ಯೋಜನೆ ಇಟ್ಕೊಳ್ಳಿ ಅನ್ನುತ್ತೆ. ಗೇಟ್ ಹೋದ ಮೇಲೆ ಕೇಂದ್ರ ಜಲ ಆಯೋಗದ ಮಾಜಿ ಅಧ್ಯಕ್ಷ ಎ.ಕೆ. ಬಜಾಜ್ ನೇತೃತ್ವದ ತಂಡ ಬಂದು ನೋಡಿತು. ಎಲ್ಲ 33 ಗೇಟುಗಳನ್ನೂ ಬದಲಾಯಿಸಿ ಅಂತು.

2025ರ ಮುಂಗಾರಲ್ಲಿ ಹೊಳೆ ತುಂಬಿ ಬಂತು. ಆದರೆ ಸವೆದ ಗೇಟುಗಳನ್ನ ನಂಬೋ ಹಾಗಿರಲಿಲ್ಲ, 80 ಟಿಎಂಸಿಗೇ ನಿಲ್ಲಿಸಿ ಮಿಕ್ಕಿದ್ದನ್ನ ಹರಿಯಬಿಟ್ಟರು. ಗೇಟ್ ಬದಲಿಸೋಕೆ ಜಲಾಶಯ ಇಳಿಸಬೇಕು, ಹಾಗಾಗಿ ಎರಡನೇ ಬೆಳೆಗೆ ನೀರಿಲ್ಲ ಅಂತ ತೀರ್ಮಾನ ಆಯ್ತು.

ಆ ತೀರ್ಮಾನದ ಸುದ್ದಿ ಓದಿದ ಸಂಜೆ ಕಾರಟಗಿ ಕಡೆಯ ರೈತರೊಬ್ಬರು ಲೈನಿಗೆ ಬಂದಿದ್ದರು. ಬೈತಾರೆ ಅಂದ್ಕೊಂಡಿದ್ದೆ. "ಗೇಟು ಹಾಕ್ಲಿ ಸಾರ್, ಬ್ಯಾಡ ಅನ್ನಂಗಿಲ್ಲ. ಆದ್ರ ಈ ಆರು ತಿಂಗಳು ನಾವು ಏನ್ ಉಣ್ಬೇಕು, ಅದನ್ನ ಯಾವ ಸರಕಾರಕ್ಕ ಕೇಳ್ಬೇಕು?" ಅಂದರು. ಈ ಸಲ ನಾನು ಲೈನ್ ಕಟ್ ಮಾಡಲಿಲ್ಲ. ಅವರ ಪ್ರಶ್ನೆಯನ್ನೇ ಚರ್ಚೆಗೆ ಕೂತವರ ಮುಂದಿಟ್ಟೆ. ಒಬ್ಬರು ರಾಜ್ಯ ಅಂದರು, ಒಬ್ಬರು ಮಂಡಳಿ ಅಂದರು.