ಪೈಠಣ: ಸೀರೆಯ ಹೆಸರಿನಲ್ಲಿ ಉಳಿದ ರಾಜಧಾನಿ

ಪೈಠಣಿ ಸೀರೆಯನ್ನು ಅರಿಯದ ಹೆಂಗಸರು ಮಹಾರಾಷ್ಟ್ರದಲ್ಲಿ ನೆಲೆಸಿದ ನಮ್ಮವರಲ್ಲಿ ಯಾರೂ ಇರಲಿಕ್ಕಿಲ್ಲ. ಆದರೆ ಅದಕ್ಕೆ ಹೆಸರು ಕೊಟ್ಟ ಪೈಠಣಕ್ಕೆ ಹೋದವರು ಕಡಿಮೆ. ಎಲ್ಲೋರಾ, ಅಜಂತಾ ನೋಡಿ ಹಿಂದಿರುಗುತ್ತೇವೆ. ಛತ್ರಪತಿ ಸಂಭಾಜಿನಗರದಿಂದ ಸುಮಾರು 50 ಕಿ.ಮೀ. ದೂರದಲ್ಲಿ, ಗೋದಾವರಿ ದಂಡೆಯಲ್ಲಿರುವ ಈ ಊರೇ ಶಾತವಾಹನರ ರಾಜಧಾನಿ ಪ್ರತಿಷ್ಠಾನ.

ಮೆಡಿಟರೇನಿಯನ್ ಕಡಲಿನ ವರ್ತಕರಿಗೂ ಈ ಊರು ಗೊತ್ತಿತ್ತು. ಕ್ರಿ.ಶ. 1ನೆಯ ಶತಮಾನದ ಗ್ರೀಕ್ ಕೃತಿ ‘ಪೆರಿಪ್ಲಸ್’ ಪ್ರಕಾರ ಪೈಠಣ ಭರೂಚ್ ಬಂದರಿನಿಂದ ದಕ್ಷಿಣಕ್ಕೆ 20 ದಿನಗಳ ಪಯಣ. ಇಲ್ಲಿಂದ ಬೆಲೆಬಾಳುವ ಕಲ್ಲುಗಳು ಗಾಡಿಗಳಲ್ಲಿ ಆ ಬಂದರಿಗೆ ಹೋಗುತ್ತಿದ್ದವು. ಇಟಲಿಯ ದ್ರಾಕ್ಷಾರಸ, ಗಾಜು, ಬೆಳ್ಳಿ ನಾಣ್ಯಗಳು ಅದೇ ಬಂದರಿಗೆ ಬಂದು ಇಳಿಯುತ್ತಿದ್ದವು.

ಈ ರಾಜವಂಶದ ಕಥೆಯನ್ನು ನಮಗಾಗಿ ಉಳಿಸಿದವಳು ಒಬ್ಬ ತಾಯಿ. ನಾಸಿಕದ ಪಾಂಡವಲೇಣಿಯ 3ನೆಯ ಗುಹೆಯಲ್ಲಿ ಗೌತಮಿ ಬಾಲಶ್ರೀಯ ಶಾಸನವಿದೆ. ಮೊಮ್ಮಗ ಪುಳುಮಾವಿಯ ಆಳ್ವಿಕೆಯ 19ನೆಯ ವರ್ಷದಲ್ಲಿ ಆಕೆ ಬೌದ್ಧ ಭಿಕ್ಷುಗಳಿಗೆ ಗುಹೆಯನ್ನು ದಾನವಿತ್ತು, ಮಗ ಗೌತಮೀಪುತ್ರ ಶಾತಕರ್ಣಿಯನ್ನು ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತದಲ್ಲಿ ಕೊಂಡಾಡಿದ್ದಾಳೆ. ಶಕ, ಯವನ, ಪಹ್ಲವರನ್ನು ಸೋಲಿಸಿದ ವೀರನೆಂದು ಹೇಳಿ ಸುಮ್ಮನಾಗಿಲ್ಲ. ತಪ್ಪು ಮಾಡಿದ ಶತ್ರುವಿನ ಜೀವ ತೆಗೆಯಲೂ ಮನಸ್ಸಿಲ್ಲದವನು, ತಾಯಿಯ ಸೇವೆಯನ್ನು ಎಂದೂ ಬಿಡದವನು ಎಂದೂ ಬರೆಸಿದ್ದಾಳೆ. ಆ ದೊರೆಯ ಬಗ್ಗೆ ಚರಿತ್ರೆಕಾರರಿಗೆ ತಿಳಿದಿರುವುದರಲ್ಲಿ ಬಹುಪಾಲು ಈ ಮಾತುಗಳಿಂದಲೇ ಬಂದದ್ದು. ನಾಸಿಕದ ಬಳಿಯ ಜೋಗಲ್‌ಟೆಂಭಿಯಲ್ಲಿ 1906ರಲ್ಲಿ ಸಿಕ್ಕಿದ ನಾಣ್ಯರಾಶಿ ಆಕೆಯ ಮಾತಿಗೆ ಸಾಕ್ಷಿ: ಶಕ ದೊರೆ ನಹಪಾನನ ಸಾವಿರಾರು ಬೆಳ್ಳಿ ನಾಣ್ಯಗಳ ಮೇಲೆ ಗೌತಮೀಪುತ್ರನ ಮುದ್ರೆ ಮತ್ತೆ ಒತ್ತಲಾಗಿತ್ತು.

ನಮ್ಮ ನಾಡಿಗೂ ಪೈಠಣಕ್ಕೂ ನಂಟು ಹಳೆಯದು. ಬನವಾಸಿಯಲ್ಲಿ ಶಾತವಾಹನ ರಾಣಿಯೊಬ್ಬಳ ಸ್ಮಾರಕಶಿಲೆ ಸಿಕ್ಕಿದೆ. ಪೈಠಣದ ಸಂತ ಏಕನಾಥರ ಮುತ್ತಜ್ಜ ಭಾನುದಾಸರು ವಿಜಯನಗರದಿಂದ ವಿಠ್ಠಲನ ಮೂರ್ತಿಯನ್ನು ಪಂಢರಪುರಕ್ಕೆ ಮರಳಿ ತಂದರೆಂಬ ಪ್ರತೀತಿಯೂ ಇದೆ. ಫಾಲ್ಗುಣ ಬಹುಳ ಷಷ್ಠಿಯಂದು ನಡೆಯುವ ನಾಥಷಷ್ಠಿಗೆ ಇಂದಿಗೂ ವಾರಕರಿಗಳು ಪೈಠಣಕ್ಕೆ ಬಂದು ಸೇರುತ್ತಾರೆ.

ಇನ್ನು ಸೀರೆಯ ಮಾತು. ಸೆರಗಿನ ನವಿಲು, ಗಿಳಿ, ಕಮಲಗಳನ್ನು ಬಣ್ಣಬಣ್ಣದ ಹೊಕ್ಕುನೂಲುಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಕೈಯಲ್ಲೇ ನೇಯುತ್ತಾರೆ. ಅದಕ್ಕೇ ಅಸಲಿ ಪೈಠಣಿಯ ಎರಡು ಬದಿಯೂ ಒಂದೇ ತರಹ ಕಾಣುತ್ತದೆ. ಇಂದು ಹೆಚ್ಚಿನ ಮಗ್ಗಗಳು ನಾಸಿಕ ಜಿಲ್ಲೆಯ ಯೇವಲಾದಲ್ಲಿವೆ. ಒಂದು ಸೀರೆಗೆ ತಿಂಗಳುಗಟ್ಟಲೆ ದುಡಿಮೆ ಬೇಕು. ಯಂತ್ರದ ನಕಲು ಕಡಿಮೆ ಬೆಲೆಗೆ ಸಿಗುತ್ತದೆ. ನಾವು ಕೊಳ್ಳುವಾಗ ಸೆರಗನ್ನು ಮಗುಚಿ ನೋಡಿದರೆ ಕೈಮಗ್ಗದವರ ಕೂಲಿಗೊಂದು ಆಸರೆ.

ನಾಸಿಕಕ್ಕೆ ಹೋದಾಗ ಪಂಚವಟಿಯ ದರ್ಶನ ಮುಗಿಸಿ ಪಾಂಡವಲೇಣಿಯ ಮೆಟ್ಟಿಲುಗಳನ್ನೂ ಹತ್ತಿ ಬನ್ನಿ. ಅಕ್ಷರ ಓದಲು ಬಾರದಿದ್ದರೂ ಚಿಂತೆಯಿಲ್ಲ, ಅಜ್ಜಿಯೊಬ್ಬಳು ಏನು ಬರೆಸಿದ್ದಾಳೆಂದು ಜೊತೆಗಿರುವ ಮಕ್ಕಳಿಗೆ ಹೇಳಿ.