ಬಟ್ಟೆ ಮುಖವಾಡದ ಬಣ್ಣ (ಐರ್ಲೆಂಡ್)

ಅಕ್ಟೋಬರ್ 31ರ ಹ್ಯಾಲೋವೀನ್ ಮತ್ತು ಡಿಸೆಂಬರ್ 26ರ ರೆನ್ ದಿನದ ವೇಷಗಳಿಗಾಗಿ ಐರ್ಲೆಂಡಿನ ಮನೆಗಳಲ್ಲಿ ಮಾಡಿಕೊಳ್ಳುವ ಬಟ್ಟೆಯ ಮುಖವಾಡಗಳಿಗೆ ಬಳಿಯುವ ಬಣ್ಣ. ಹಿಂದೆ ಹಳ್ಳಿಗರಿಗೆ ಮಸಿ, ಸುಟ್ಟ ಬಿರಡೆಯ ಕಪ್ಪು ಸಾಕಾಗುತ್ತಿತ್ತು. ಮೇಯೊ ಕೌಂಟಿಯ ಟರ್ಲೋದಲ್ಲಿ 2001ರಲ್ಲಿ ತೆರೆದ ಗ್ರಾಮಜೀವನ ವಸ್ತುಸಂಗ್ರಹಾಲಯದಲ್ಲಿ ಇಪ್ಪತ್ತನೆಯ ಶತಮಾನದ ಆರಂಭದ ಹ್ಯಾಲೋವೀನ್ ಮುಖವಾಡವೊಂದಿದೆ.

ಆಯ್ಕೆಯನ್ನು ನಿರ್ಧರಿಸುವುದು ಮಳೆ. ಪೋಸ್ಟರ್ ಬಣ್ಣ ಅಗ್ಗ, ಆದರೆ ಅಲ್ಲಿನ ಜಿನುಗುಮಳೆಗೆ ಕರಗಿ ಕೆನ್ನೆಗಿಳಿಯುತ್ತದೆ. ಎನಾಮೆಲ್ ನೀರಿಗೆ ಜಗ್ಗದು. ಆದರೆ ಬಟ್ಟೆ ಮಡಚಿದಲ್ಲಿ ಬಿರಿಯುತ್ತದೆ, ಮೂಗಿನ ಬಳಿ ಅದರ ವಾಸನೆಯಂತೂ ಬೇಡವೇ ಬೇಡ. ಎಣ್ಣೆಬಣ್ಣ ಒಣಗಲು ದಿನಗಟ್ಟಲೆ ಬೇಕು. ಅಡಿಲೇಪವಿಲ್ಲದ ನಾರುಬಟ್ಟೆಯನ್ನು ಅದರ ಎಣ್ಣೆ ಕಾಲಕ್ರಮೇಣ ಶಿಥಿಲಗೊಳಿಸುತ್ತದೆ.

ಉಳಿಯುವುದು ಬಟ್ಟೆಯ ಬಣ್ಣ, ಇಲ್ಲವೇ ಬಟ್ಟೆಗೆಂದೇ ಮಾರುವ ಮಿಶ್ರಣ ಬೆರೆಸಿದ ಅಕ್ರಿಲಿಕ್. ಮಿಶ್ರಣವಿಲ್ಲದ ಅಕ್ರಿಲಿಕ್ ಬಟ್ಟೆಯನ್ನು ಸೆಟೆಸುತ್ತದೆ. ಚೂಪು ಮೂಗು, ಎತ್ತಿದ ಹುಬ್ಬಿಗೆ ಅದೇ ಅನುಕೂಲ. ಹತ್ತಿ ಬಟ್ಟೆಯನ್ನು ಮೊದಲು ಒಗೆದು ಗಂಜಿ ತೆಗೆಯಬೇಕು. ತೆಳುವಾಗಿ ಎರಡು ಸಲ ಬಳಿದು, ಪೂರ್ತಿ ಒಣಗಿದ ಮೇಲೆ ಹಿಂಬದಿಯಿಂದ ಇಸ್ತ್ರಿ ಹಾಕಿದರೆ ಬಟ್ಟೆಯ ಬಣ್ಣ ಗಟ್ಟಿಯಾಗಿ ಕೂರುತ್ತದೆ. ಬಣ್ಣ ಹೊರಮೈಗೆ ಮಾತ್ರ. ಒಳಗೆ ಬಿಳಿ ಹತ್ತಿಯ ಪದರ ಹೊಲಿಯುವುದು ಲೇಸು, ಉಸಿರಾಡುವ ಜಾಗ ಬರಿದಾಗಿರಲಿ. ಮಕ್ಕಳದ್ದಾದರೆ ಡಬ್ಬಿಯ ಮೇಲೆ ಇಎನ್ 71-3 ಎಂದಿದೆಯೇ ನೋಡಬೇಕು: ಆಟಿಕೆಗಳಿಂದ ಸೀಸ ಮೊದಲಾದ ಧಾತುಗಳು ಹೊರಬರುವ ಪ್ರಮಾಣಕ್ಕೆ ಮಿತಿ ಹಾಕುವ ಯುರೋಪಿನ ಮಾನಕ ಅದು.